ಗೆಜ್ಜೆ ಕಟ್ಟಿದ ಗಾಳ

ಜೂನ್ 22, ಭಾನುವಾರ

ಬೋಲ್ಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇವತ್ತು ಕೆಳಗಿಳಿಸಿದೆ. ಈ ಮನೆಯಲ್ಲಿ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳುವುದು ಇದೊಂದೇ.

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಮೂವತ್ತು ವರ್ಷ ಪವರ್ ಪ್ರೆಸ್ ಓಡಿಸಿದವನು ನಾನು, ಮುನಿರಾಜು. ವಾಷರ್ ಹೊಡೆದು ಹೊಡೆದೇ ಬಸವೇಶ್ವರನಗರದಲ್ಲಿ ಮನೆ ಕಟ್ಟಿದೆ. ಯುಗಾದಿಯ ದಿನ ಶೆಡ್ಡಿನ ಬೀಗದ ಕೈಯನ್ನು ಮಗ ಜೀವನ್‌ಗೆ ಕೊಟ್ಟು, ಇನ್ನು ನೆಮ್ಮದಿ ಅಂದುಕೊಂಡೆ. ಎಲ್ಲಿಯ ನೆಮ್ಮದಿ! ಬೆಳಗ್ಗೆ ಮಿಕ್ಸಿ, ಆಮೇಲೆ ಕುಕ್ಕರ್, ಆಮೇಲೆ ಟೀವಿ. ಇವೆಲ್ಲ ನಿಂತ ಮೇಲೆ ಗುಂಯ್ ಅನ್ನುವ ಒಂದು ಸದ್ದು, ನಿಲ್ಲುವುದೇ ಇಲ್ಲ. ರಸ್ತೆ ಮೂಲೆಯ ಟ್ರಾನ್ಸ್‌ಫಾರ್ಮರಿನದು ಅಂತ ಗೊತ್ತಿತ್ತು. ಹೋದ ವಾರ ಲೈನ್‌ಮನ್‌ನನ್ನು ಹಿಡಿದು ನಿಲ್ಲಿಸಿ ದಬಾಯಿಸಿದೆ. "ಸಾರ್, ಬೆಳಗ್ಗೆಯಿಂದ ಈ ಲೈನೇ ಆಫ್ ಇದೆ, ಕಂಬ ಬದಲಾಯಿಸ್ತಾ ಇದೀವಿ" ಅಂದ. ಹಾಗಾದರೆ ಪಕ್ಕದ ಮನೆಯ ಯುಪಿಎಸ್ ಇರಬೇಕು.

ನಮ್ಮ ಮನೆಯವಳು ಚಿಕ್ಕಲಕ್ಷ್ಮಮ್ಮನದು ಒಂದೇ ರಾಗ: "ಕಿವಿ ತೋರಿಸ್ಕೊಳ್ರೀ." ಹೋದ ತಿಂಗಳು ಇವಳು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಬಿದ್ದಲ್ಲಿಂದಲೇ ನನ್ನನ್ನು ಕೂಗಿದಳಂತೆ, ಕೂಗಿಯೇ ಕೂಗಿದಳಂತೆ. ನಾನು ಹಾಲ್‌ನಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಕೂಗಿದ್ದರೆ ಕೇಳಿಸುತ್ತಿರಲಿಲ್ಲವೇ? ಮಹಡಿ ಮೇಲೆ ಬಾಡಿಗೆಗಿರುವ ಬಸವರಾಜೇಶ್ವರಿ ಓಡಿ ಬಂದು ಬಾಗಿಲು ದೂಡಿ ಎತ್ತಿ ಕೂರಿಸಿದಳು. ಮಹಡಿಯವರೆಗೆ ಕೇಳಿಸಿದ್ದು ಹಾಲ್‌ಗೆ ಕೇಳಿಸಲಿಲ್ಲ ಅಂದರೆ ಮನೆ ಕಟ್ಟಿದ ಮೇಸ್ತ್ರಿಯ ತಪ್ಪು. ನನ್ನ ಕಿವಿಯದಲ್ಲ.

ಇವತ್ತು ಊಟದ ಹೊತ್ತಿಗೆ ಮತ್ತೆ ಅದೇ ಜಗಳ. ನನಗೂ ರೇಗಿತು. "ಲೇ, ನನ್ನ ಕಿವಿಗೆ ಏನೂ ಆಗಿಲ್ಲ. ಈ ಊರಿಗೆ ಆಗಿರೋದು. ಸದ್ದಿಲ್ಲದ ಜಾಗದಲ್ಲಿ ಕೂರಿಸು, ಗಾಳದ ಗೆಜ್ಜೆ ಅಲ್ಲಾಡಿದ್ರೂ ಎದ್ದು ಕೂರ್ತೀನಿ" ಅಂದೆ.

ಅದು ಬರೀ ಬಾಯಿಮಾತಲ್ಲ. ನಮ್ಮಪ್ಪ ಊರ ಕೆರೆಯಲ್ಲಿ ಗಾಳದ ಕೋಲಿನ ತುದಿಗೆ ಒಂದು ಗೆಜ್ಜೆ ಕಟ್ಟಿ, ಕೋಲನ್ನು ದಡದಲ್ಲಿ ಊರಿ, ಮುಖದ ಮೇಲೆ ಟವಲ್ ಹಾಕಿಕೊಂಡು ಮಲಗಿಬಿಡುತ್ತಿದ್ದ. ಮೀನು ಕಚ್ಚಿದರೆ ಗೆಜ್ಜೆ ಝಲ್ ಅನ್ನಬೇಕು, ಅಪ್ಪ ಏಳಬೇಕು. ಗೆಜ್ಜೆಯನ್ನು ಕಣ್ಣಲ್ಲಿ ನೋಡುತ್ತಾ ಕೂರುವವನನ್ನು ಅವನು ಮೀನು ಹಿಡಿಯುವವನೆಂದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಕಲಿತದ್ದೂ ಹಾಗೆಯೇ.

ಇವಳು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಸರಿ ಹಾಗಾದ್ರೆ, ಹೋಗಿ ಕೂತ್ಕೊಳ್ಳಿ. ಕಣ್ಣು ಮುಚ್ಕೊಂಡು ಗೆಜ್ಜೆ ಕೇಳಿ, ಒಂದೇ ಒಂದು ಮೀನು ಎಳ್ಕೊಂಡು ಬನ್ನಿ. ಭೀಮನ ಅಮಾವಾಸ್ಯೆವರ್ಗೂ ಟೈಮು. ತಂದ್ರೆ ಸಾಯೋವರ್ಗೂ ನಿಮ್ಮ ಕಿವಿ ಸುದ್ದಿ ಎತ್ತಲ್ಲ. ತರ್ಲಿಲ್ವೋ, ತೆಪ್ಪಗೆ ಡಾಕ್ಟ್ರ ಹತ್ರ ಬರ್ಬೇಕು."

ಅಮಾವಾಸ್ಯೆಯ ಮರುದಿನವೇ ಶ್ರಾವಣ. ಆಮೇಲೆ ತಿಂಗಳಿಡೀ ಈ ಮನೆಯಲ್ಲಿ ಮೀನಿನ ಹೆಸರೆತ್ತುವಂತಿಲ್ಲ, ಅದಕ್ಕೇ ಆ ಗಡುವು. ಒಪ್ಪಿಕೊಂಡೆ. ಸದ್ದಿಲ್ಲದ ಒಂದು ಜಾಗ ಸಿಕ್ಕರೆ ಸಾಕು. ಬೆಂಗಳೂರಿನ ಸುತ್ತ ಅದಕ್ಕೇನು ಬರವೇ?

ಜೂನ್ 25, ಬುಧವಾರ

ಬರವೇ.

ಭೈರೇಶನ ಸ್ಕೂಟರಿನಲ್ಲಿ ಕೆಂಗೇರಿ ಕಡೆಯ ಒಂದು ಕೆರೆಗೆ ಹೋದೆವು. ಭೈರೇಶ ನನ್ನ ಪಕ್ಕದ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದವನು, ಈಗ ನನ್ನಂತೆಯೇ ಬೇಕಾರ್. ಕೆರೆಯ ಬಾಗಿಲಲ್ಲೇ ಬಾಗಿಲಿಗಿಂತ ದೊಡ್ಡ ಬೋರ್ಡು. ಮೀನು ಹಿಡಿಯಬಾರದು, ಈಜಬಾರದು, ಬಟ್ಟೆ ಒಗೆಯಬಾರದು, ಹುಲ್ಲಿನ ಮೇಲೆ ಕೂರಬಾರದು, ನಾಯಿ ತರಬಾರದು, ಹೂ ಕೀಳಬಾರದು. ಉಸಿರಾಟದ ಬಗ್ಗೆ ಏನೂ ಬರೆದಿರಲಿಲ್ಲ, ಹಾಗಾಗಿ ಧೈರ್ಯ ಮಾಡಿ ಉಸಿರಾಡಿದೆ.

ಒಳಗೆ ನಗುವ ಸಂಘದವರು ಸೇರಿದ್ದರು. ಟ್ರ್ಯಾಕ್ ಪ್ಯಾಂಟ್ ಹಾಕಿದ ಇಪ್ಪತ್ತು ಮಂದಿ ದೊಡ್ಡವರು ಕೈ ಮೇಲೆತ್ತಿ ಹಾ ಹಾ ಹಾ ಅಂತ ನಗುತ್ತಿದ್ದಾರೆ, ಯಾರ ಮುಖದಲ್ಲೂ ನಗುವಿಲ್ಲ. ನಮ್ಮ ಕೋಲು ಕಂಡು ವಾಚ್‌ಮನ್ ಬಂದ. ಮಡಿವಾಳಪ್ಪ ಅಂತ ಹೆಸರು, ಬಾಗಲಕೋಟೆ ಕಡೆಯವನು.

"ಯಜಮಾನ್ರ, ಕೋಲ್ ತಗೊಂಡು ಎಲ್ಲಿ ಹೊಂಟೀರಿ? ಇಲ್ಲಿ ಮೀನ ಹಿಡ್ಯಂಗಿಲ್ರಿ."

"ಮತ್ತೆ ನೀರಲ್ಲಿ ಮೀನು ಯಾಕೆ ಬಿಟ್ಟಿದೀರಿ?"

"ನೋಡಾಕ್ರಿ."

ಆಮೇಲೆ ಇನ್ನೇನೋ ಅಂದ, ಭೈರೇಶ ಬಿದ್ದು ಬಿದ್ದು ನಕ್ಕ. ಏನಂದ ಅಂತ ಕೇಳಿದರೆ "ಏನಿಲ್ಲ ಬಾ ಅಣ್ಣ" ಅಂದ. ಈಗಿನ ಜನಕ್ಕೆ ಗಂಟಲೇ ಇಲ್ಲ, ಬಾಯೊಳಗೇ ಮಾತಾಡುತ್ತಾರೆ. ಅಲ್ಲಿಯೂ ಆ ಗುಂಯ್ ಇತ್ತು. ಮೆಟ್ರೋ ಹತ್ತಿರವೇ ಹಾದುಹೋಗುತ್ತದಲ್ಲ, ಅದರ ಕರೆಂಟು.

ಜೂನ್ 29, ಭಾನುವಾರ

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಕ್ಕೆ ಹೋದರೆ ಕೈಬಿಟ್ಟ ಒಂದು ಕಲ್ಲು ಕ್ವಾರಿ, ತುಂಬ ನೀರು, ನರಪಿಳ್ಳೆ ಇರುವುದಿಲ್ಲ ಅಂತ ಭೈರೇಶ ಆಣೆ ಮಾಡಿ ಹೇಳಿದ್ದ. ಹೋಗಿ ನೋಡಿದರೆ ಕಾರುಗಳ ಸಾಲು. ಮದುವೆಗೆ ಮುಂಚೆಯೇ ಫೋಟೋ ತೆಗೆಸಿಕೊಳ್ಳುವ ಜೋಡಿಗಳಂತೆ, ಅಲ್ಲೂ ಕ್ಯೂ. ಒಂದು ಹುಡುಗಿಯ ಕೆಂಪು ಗೌನಿನ ಬಾಲವನ್ನು ಇಬ್ಬರು ಎತ್ತಿ ಎತ್ತಿ ಗಾಳಿಗೆ ಬಿಡುತ್ತಿದ್ದರು. ನೀರಿನ ಅಂಚಿಗೆ ಕೋಲು ಊರಿ, ಕಣ್ಣು ಮುಚ್ಚಿ ಕೂತೆ.

"ಅಂಕಲ್, ಒಂಚೂರು ಫ್ರೇಮಿಂದ ಆಚೆ ಹೋಗ್ತೀರಾ?" ಕ್ಯಾಮೆರಾದವನು ಕಿವಿಯ ಹತ್ತಿರವೇ ಬಂದು ಕಿರುಚಿದ.

"ಹೋಗಲ್ಲ. ನಿಮ್ಮ ಫ್ರೇಮನ್ನ ಆಚೆ ತಗೊಂಡ್ಹೋಗಿ."

ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈಯಲ್ಲಿ ಚೌಕ ಮಾಡಿ ನೋಡಿದ. "ಇರ್ಲಿ ಬಿಡಿ ಅಂಕಲ್, ಹಾಗೇ ಕೂತಿರಿ. ನ್ಯಾಚುರಲ್ ಆಗಿ ಬರುತ್ತೆ."

ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಇನ್ನು ನಾನು ಸಾಯುವವರೆಗೂ ಇರುತ್ತೇನೆ. ತಲೆಯ ಮೇಲೆ ಡ್ರೋನು ಗುಂಯ್‌ಗುಟ್ಟುತ್ತಿತ್ತು. ಅದನ್ನು ಇಳಿಸಿ ಡಬ್ಬಿಗೆ ಹಾಕಿಕೊಂಡು ಅವರು ಹೊರಟುಹೋದ ಮೇಲೂ ಗುಂಯ್ ನಿಲ್ಲಲಿಲ್ಲ. ಇನ್ನೊಂದನ್ನು ಮೇಲೆಲ್ಲೋ ಮರೆತಿರಬೇಕು, ದುಡ್ಡಿದ್ದವರು ಏನು ಬೇಕಾದರೂ ಮರೆಯುತ್ತಾರೆ. ನನ್ನ ಗಾಳದ ಎರೆಹುಳವನ್ನು ಯಾವುದೋ ಮೀನು ನುಣ್ಣಗೆ ತಿಂದು ಹೋಗಿತ್ತು. ಕ್ವಾರಿ ಮೀನು, ಕಳ್ಳ ಬುದ್ಧಿ.

ಜುಲೈ 2, ಬುಧವಾರ

ಮಳೆ. ಎಲ್ಲಿಗೂ ಹೋಗಲಿಲ್ಲ. ಇವಳು ಬೀರುವಿನ ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿಕೊಂಡು ಏನೋ ಹುಡುಕುತ್ತಿದ್ದಳು. ಮದುವೆಯಲ್ಲಿ ಅವಳ ತಾಯಿ ಹಾಕಿದ ಕಾಲುಗೆಜ್ಜೆಯಂತೆ, ಒಂದು ಕಾಲಿನದರಲ್ಲಿ ಒಂದು ಗೆಜ್ಜೆ ಕಡಿಮೆಯಾಗಿದೆಯಂತೆ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ನಗರ್ತಪೇಟೆಯಿಂದ ತಂದ ಹೊಸ ಗೆಜ್ಜೆಗಳ ಸದ್ದು ಸತ್ತ ಸದ್ದು, ಒಂದೂ ಸರಿಯಾಗಿ ಕೇಳುವುದಿಲ್ಲ. ಹಳೆಯ ಬೆಳ್ಳಿಯದಾದರೆ ಕೇಳಿಸೀತು ಅಂತ ಒಂದನ್ನು ಬಿಡಿಸಿಕೊಂಡಿದ್ದೆ. ವಾಪಸ್ ಕಟ್ಟಿದರಾಯಿತು.

ಸಂಜೆ ಶೆಡ್ಡಿಗೆ ಹೋಗಿದ್ದೆ. ಜೀವನ್ ಎಲ್ಲ ಹುಡುಗರಿಗೂ ಕಿವಿಗೆ ತುರುಕಿಕೊಳ್ಳಲು ಕಿತ್ತಳೆ ಬಣ್ಣದ ಬೆಂಡು ಕೊಟ್ಟಿದ್ದಾನೆ. ಮೂವತ್ತು ವರ್ಷ ಬೆಂಡಿಲ್ಲದೆ ಪ್ರೆಸ್ ಓಡಿಸಿದವನ ಮಗ! "ಏನ್ರೋ ಇದು, ಹೆಣ್ಮಕ್ಕಳ ಓಲೆ ಥರ" ಅಂದೆ. ಪ್ರೆಸ್ಸಿನ ಮುಂದಿದ್ದ ಶ್ರೀಶೈಲ ನಕ್ಕು ಆ ಕ್ಷಣವೇ ಕಿತ್ತು ಜೇಬಿಗೆ ಹಾಕಿಕೊಂಡ. ಜೀವನ್ ಮುಖ ಗಂಟಿಕ್ಕಿದ.

ಜುಲೈ 6, ಭಾನುವಾರ

ಇವತ್ತಿನದು ಶ್ರೀಮಂತರ ಶಾಂತಿ. ಕೆಂಗೇರಿಯಾಚೆ ಯಾರೋ ತೋಟದಲ್ಲಿ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಸಿ, ನೀರು ತುಂಬಿ, ಮೀನು ಬಿಟ್ಟು ಟಿಕೆಟ್ ಇಟ್ಟಿದ್ದಾರೆ. ಹೆಸರು 'ಮೌನ ವಲಯ'. ಕಂಬಕ್ಕೊಂದು ಸ್ಪೀಕರ್ ಕಟ್ಟಿ, ಕೊಳಲಿನ ಸಂಗೀತ ಹಾಕಿ, ಮಧ್ಯೆ ಮಧ್ಯೆ ಒಬ್ಬಳು "ದಯವಿಟ್ಟು ಮೌನ ಕಾಪಾಡಿ" ಅಂತ ಕೂಗುತ್ತಾಳೆ. ಮೌನಕ್ಕೆ ಇಷ್ಟು ಗಲಾಟೆ ಬೇಕೆಂದು ನನಗೆ ಗೊತ್ತಿರಲಿಲ್ಲ.

ಹಿಡಿದ ಮೀನಿಗೆ ಮುತ್ತಿಟ್ಟು ಫೋಟೋ ತೆಗೆಸಿಕೊಂಡು ವಾಪಸ್ ನೀರಿಗೆ ಬಿಡಬೇಕಂತೆ. ಕೋಲಿಗೆ ಗೆಜ್ಜೆ ಕಟ್ಟುವಂತಿಲ್ಲ, ಪಕ್ಕದವರ ಧ್ಯಾನಕ್ಕೆ ಭಂಗವಂತೆ. "ಹಾಗಾದ್ರೆ ಮೀನು ಕಚ್ಚಿದ್ದು ಹೆಂಗಮ್ಮಾ ಗೊತ್ತಾಗುತ್ತೆ?" ಅಂದೆ. "ಫೀಲ್ ಮಾಡ್ಬೇಕು ಸಾರ್" ಅಂದಳು ಟಿಕೆಟ್ ಹರಿಯುವ ಹುಡುಗಿ. ಹೊರಗೆ ಬಂದು ಭೈರೇಶನೂ ನಾನೂ ಎಳನೀರು ಕುಡಿದು, ಅದನ್ನು ಫೀಲ್ ಮಾಡಿ ಮನೆಗೆ ಬಂದೆವು.

ಜುಲೈ 11, ಶುಕ್ರವಾರ

ಸಿಕ್ಕಿತು. ಸಿಕ್ಕೇಬಿಟ್ಟಿತು.

ಭೈರೇಶನ ಹೆಂಡತಿಯ ತವರಿನವರ ಜಮೀನಿನ ಹಿಂದೆ ಒಂದು ಕಟ್ಟೆ. ಬೋರ್ಡಿಲ್ಲ, ಬೇಲಿಯಿಲ್ಲ, ಫೋಟೋದವರಿಲ್ಲ. ಒಂದು ಬೇವಿನ ಮರ, ಆಚೆ ದಡದಲ್ಲಿ ಎರಡು ಎಮ್ಮೆ. ಗಾಳಕ್ಕೆ ರಾಗಿ ಮುದ್ದೆಯ ಉಂಡೆ ಸಿಕ್ಕಿಸಿ ಎಸೆದು, ಕೋಲು ಊರಿ, ಇವಳ ಬೆಳ್ಳಿ ಗೆಜ್ಜೆಯನ್ನು ತುದಿಗೆ ಕಟ್ಟಿ, ಟವಲ್ ಮುಖಕ್ಕೆ ಹಾಕಿ ಅಪ್ಪನಂತೆಯೇ ಮಲಗಿದೆ. ಎಷ್ಟು ಚೆನ್ನಾಗಿತ್ತು ಆ ಮೊದಲ ಗಳಿಗೆ!

ಆಮೇಲೆ ಶುರುವಾಯಿತು. ಗುಂಯ್. ಮನೆಯಲ್ಲಿ ಇದ್ದದ್ದಕ್ಕಿಂತ, ಮೆಟ್ರೋ ಪಕ್ಕ ಇದ್ದದ್ದಕ್ಕಿಂತ ಜೋರು. ಎದ್ದು ಕೂತೆ, ಸುತ್ತ ನೋಡಿದೆ. "ಭೈರೇಶ, ಹೈ ಟೆನ್ಷನ್ ಲೈನ್ ಎಲ್ಲಿ ಹೋಗಿದೆ ಇಲ್ಲಿ?"

"ಯಾವ ಲೈನು ಅಣ್ಣ? ಈ ಕಡೆಗೆ ಕರೆಂಟ್ ಕಂಬಾನೇ ಬಂದಿಲ್ವಲ್ಲ."

"ಜೀರುಂಡೆ ಇರ್ಬೇಕು ಹಾಗಾದ್ರೆ."

ಅವನು ನನ್ನನ್ನೇ ನೋಡಿ, "ಇರ್ಬೇಕು" ಅಂದ. ಭೈರೇಶ ನನ್ನ ಮಾತಿಗೆ ಎದುರಾಡದೆ ಒಪ್ಪಿಕೊಂಡದ್ದು ಇದೇ ಮೊದಲು. ಅದು ನನಗೆ ಹಿಡಿಸಲಿಲ್ಲ.

ಸಂಜೆಯವರೆಗೆ ಅವನಿಗೆ ನಾಲ್ಕು ಜಿಲೇಬಿ ಮೀನು. ಅಂಗೈಯಗಲ, ಚಪ್ಪಟೆ, ಚೆನ್ನಾಗಿದ್ದವು. ನನ್ನದು ಬರೀ ಗಾಳ, ಮುದ್ದೆ ಮಾತ್ರ ಪ್ರತಿಸಲವೂ ಮಾಯ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ, ಆದರೆ ಇಲ್ಲಿ ನಿಜವಾಗಿಯೂ ನೆಲವೇ ಡೊಂಕು. ನಾನು ಕೂತ ಕಡೆ ನೀರು ಇಳಿಜಾರು, ಮೀನು ನಿಲ್ಲುವುದಿಲ್ಲ. ಭೈರೇಶ ಎರಡು ಮೀನು ಕೊಡಲು ಬಂದ. ಬೇಡ ಅಂದೆ. ಬೈದೇ ಹೇಳಿದೆ ಅನ್ನಿಸುತ್ತದೆ.

ಜುಲೈ 13, ಭಾನುವಾರ

ಒಂದು ಕೆಲಸ ಮಾಡಿದೆ. ಬರೆಯಲೋ ಬೇಡವೋ ಅಂತ ಇದ್ದೆ, ಆದರೆ ನಗು ತಡೆಯಲಾಗುತ್ತಿಲ್ಲ, ಸಿಟ್ಟೂ ತಡೆಯಲಾಗುತ್ತಿಲ್ಲ.

ಕೋಲು ಹಿಡಿದುಕೊಂಡು ಕಟ್ಟೆಗೆ ಅಂತ ಹೊರಟು, ಮಧ್ಯಾಹ್ನದವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತು, ಬಿಸಿಲಲ್ಲಿ ಬೆವೆತು, ಆಮೇಲೆ ವಿಜಯನಗರದ ಮೀನಿನ ಅಂಗಡಿಗೆ ಹೋದೆ. ಒಂದೂವರೆ ಕೆಜಿಯ ಕಾಟ್ಲಾ. ತುಟಿಗೆ ನನ್ನ ಗಾಳವನ್ನೇ ಚುಚ್ಚಿ ತೂತು ಮಾಡಿದೆ. ಪಂಚೆಯ ಅಂಚನ್ನು ನಲ್ಲಿಯಲ್ಲಿ ನೆನೆಸಿಕೊಂಡೆ, ಚಪ್ಪಲಿಗೆ ಕೆಸರು ಮೆತ್ತಿಕೊಂಡೆ. ಮನೆಗೆ ಬಂದು ಮೀನನ್ನು ಅಡುಗೆ ಕಟ್ಟೆಯ ಮೇಲೆ ಧಪ್ ಅಂತ ಇಟ್ಟೆ. "ಗೆಜ್ಜೆ ಝಲ್ ಅಂತು. ಎದ್ದೆ. ಎಳೆದೆ. ಅಷ್ಟೇ" ಅಂದೆ.

ಇವಳು ಒಂದೇ ಕೈಯಲ್ಲಿ ತಿರುಗಿಸಿ ನೋಡಿದಳು. ಸೊಸೆ ಕವನಾಳನ್ನು ಕರೆದು ತೋರಿಸಿದಳು. ಉಜ್ಜಿ ತೊಳೆದು, ಹುಳಿ ಹಿಂಡಿ ಸಾರು ಮಾಡಿಸಿದಳು. ಮುದ್ದೆಯ ಜೊತೆ ಎಲ್ಲರೂ ಉಂಡೆವು, ಚೆನ್ನಾಗಿತ್ತು. ನಾನು ಕೈ ತೊಳೆದು ಗೆದ್ದವನ ಗತ್ತಿನಲ್ಲಿ ಬಂದು ಕೂತೆ. ಇವಳು ಎದುರು ನಿಂತು, ನನಗೆ ಕೇಳಿಸಲೆಂದೇ ಗಂಟಲೆತ್ತಿ ಹೇಳಿದಳು:

"ಆ ಕಟ್ಟೆ ನೀರು ಭಾರಿ ತಣ್ಣಗಿತ್ತು ಅನ್ಸುತ್ತೆ. ಮೀನಿನ ಕಿವಿರಿನಲ್ಲಿ ಐಸ್ ಗಡ್ಡೆ ಇತ್ತು."

ಇನ್ನೂ ಉಣ್ಣುತ್ತಿದ್ದ ಜೀವನ್ ಮುದ್ದೆ ನೆತ್ತಿಗೇರಿ ಕೆಮ್ಮಿದ. ಕವನಾ ಅಡುಗೆ ಮನೆಗೆ ಓಡಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಐಸಿಗೆ ಹೋದದ್ದು ಇನ್ನು ಏನು ಕೊಟ್ಟರೆ ಬರುತ್ತದೋ. ಆ ಮೀನಿನ ಅಂಗಡಿಯವನಿಗೆ ಒಂದು ಐಸ್ ಗಡ್ಡೆ ತೆಗೆಯುವ ಯೋಗ್ಯತೆ ಇಲ್ಲ.

ಜುಲೈ 16, ಬುಧವಾರ

ಮೂರು ದಿನದಿಂದ ಇವಳು ನನ್ನನ್ನು ಮಾತಾಡಿಸುತ್ತಿಲ್ಲ. ಕಿವಿ ಅಂತಿಲ್ಲ, ಡಾಕ್ಟರ್ ಅಂತಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಬೇಕಾಗಿದ್ದ ಶಾಂತಿ ಮನೆಯಲ್ಲೇ ಸಿಕ್ಕಿತಲ್ಲ ಅಂತ ಖುಷಿಯಾಗಬೇಕಿತ್ತು.

ಸ್ನಾನಕ್ಕೆ ಹೋಗುವಾಗ ಇವಳು ಈಗ ಮಹಡಿಯ ಬಸವರಾಜೇಶ್ವರಿಗೆ ಹೇಳಿ ಹೋಗುತ್ತಾಳೆ. ನಾನು ಹಾಲ್‌ನಲ್ಲೇ ಇರುತ್ತೇನೆ. ನನ್ನನ್ನು ದಾಟಿಕೊಂಡು ಮೆಟ್ಟಿಲು ಹತ್ತಿ, ಅವಳಿಗೆ ಹೇಳಿ, ಇಳಿದು ಬರುತ್ತಾಳೆ. ಕೈ ಇನ್ನೂ ಸರಿಯಾಗಿಲ್ಲದವಳಿಗೆ ಇದೆಲ್ಲ ಯಾಕೆ ಬೇಕು?

ಜುಲೈ 20, ಭಾನುವಾರ

ಅಮಾವಾಸ್ಯೆಗೆ ಮುಂಚಿನ ಕೊನೆಯ ಭಾನುವಾರ. ಕೋಲು ಎತ್ತಿಕೊಂಡೆ. ಇವಳು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಸೀರೆ ಬದಲಾಯಿಸಿ ಬಂದು ನಿಂತಳು. "ನಾನೂ ಬರ್ತೀನಿ. ಕೆರೆಯಲ್ಲಿ ಐಸ್ ಹೆಂಗೆ ಬೆಳೀತದೆ ನೋಡ್ಬೇಕು." ಮಾತಾಡಿದಳಲ್ಲ, ಅಷ್ಟು ಸಾಕು ಅಂತ ಎದುರಾಡಲಿಲ್ಲ. ಶೆಡ್ಡಿನ ಟಾಟಾ ಏಸ್ ತೆಗೆದೆ. ಇವಳು ಮುಂದೆ ನನ್ನ ಪಕ್ಕದಲ್ಲಿ, ಭೈರೇಶ ಹಿಂದೆ ವಾಷರ್ ಮೂಟೆಯ ಮೇಲೆ.

ಕಟ್ಟೆಯ ಹತ್ತಿರ ಅದೇ ಬೇವಿನ ಮರ, ಅದೇ ಎಮ್ಮೆಗಳು. ಭೈರೇಶ ಮರ್ಯಾದೆಯಿಂದ ಆಚೆ ದಡಕ್ಕೆ ಹೋದ. ನಾನು ಗೆಜ್ಜೆ ಕಟ್ಟಿ, ಟವಲ್ ಹಾಕಿ ಮಲಗಿದೆ. ಇವಳು ಮರದ ಬುಡದಲ್ಲಿ ಕೂತಳು. ಬ್ಯಾಂಡೇಜ್ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನಗೆ ಗುಂಯ್ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ. ಭುಜ ಹಿಡಿದು ಯಾರೋ ಜೋರಾಗಿ ಅಲ್ಲಾಡಿಸಿದರು. ಟವಲ್ ತೆಗೆದೆ. ಇವಳು.

"ರೀ, ಗೆಜ್ಜೆ! ಆವಾಗ್ಲಿಂದ ಬಡ್ಕೊತಾ ಇದೆ!"

ಕೋಲು ನೋಡಿದೆ. ತುದಿ ಬಾಗಿ ಬಾಗಿ ಏಳುತ್ತಿತ್ತು. ಗೆಜ್ಜೆ ಕುಣಿಯುತ್ತಿತ್ತು. ನನ್ನಿಂದ ನಾಲ್ಕು ಮಾರು ದೂರ, ಕಣ್ಣೆದುರಿಗೇ, ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಸದ್ದಿಲ್ಲ. ಒಂದಿಷ್ಟೂ ಸದ್ದಿಲ್ಲ. ಟೀವಿಯ ವಾಲ್ಯೂಮ್ ಪೂರ್ತಿ ಇಳಿಸಿ ನೋಡಿದ ಹಾಗೆ.

"ಏನ್ ನೋಡ್ತಾ ಕೂತ್ರಿ? ಎಳೀರಿ ಮೊದ್ಲು!"

ಎಳೆದೆ. ತಂಗೂಸಿ ದಾರ ಕೈ ಕುಯ್ಯಿತು. ಒಂದು ಗೆಂಡೆ ಮೀನು, ಮೊಳದುದ್ದ, ಚಿನ್ನದ ಬಣ್ಣ. ಭೈರೇಶ ಆಚೆ ದಡದಲ್ಲಿ ಕೋಲು ಬಿಸಾಕಿ ಕುಣಿದ. ಇಷ್ಟು ದೊಡ್ಡ ಮೀನನ್ನು ನಮ್ಮಪ್ಪನೂ ಹಿಡಿದದ್ದು ನಾನು ಕಂಡಿರಲಿಲ್ಲ. ನನಗೆ ಕುಣಿಯಬೇಕು ಅನ್ನಿಸಲಿಲ್ಲ.

ಇವಳು ಕೋಲಿನ ತುದಿಯಿಂದ ಗೆಜ್ಜೆ ಬಿಚ್ಚಿಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಸದ್ದು ಕೇಳಿದ ತಕ್ಷಣ ಗೊತ್ತಾಯ್ತು ನನ್ನ ಕಾಲಿಂದೇ ಅಂತ. ಕಳ್ಳ" ಅಂದಳು. ಬಯ್ಯಲಿಲ್ಲ. ಜಗಳಕ್ಕೆ ನಾನು ಸಜ್ಜಾಗಿಯೇ ಇದ್ದೆ. ಎಳೆದದ್ದು ನಾನೇ ತಾನೇ, ಮೀನು ಮೀನೇ ತಾನೇ ಅಂತ ಮಾತೆಲ್ಲ ಜೋಡಿಸಿಕೊಂಡಿದ್ದೆ. ಅವಳು ಅದಕ್ಕೆ ಜಾಗವನ್ನೇ ಕೊಡಲಿಲ್ಲ. "ಗೆದ್ರಿ ಬಿಡಿ. ಮೀನು ಬಂತಲ್ಲ. ಇನ್ಮೇಲೆ ಕಿವಿ ಸುದ್ದಿ ಎತ್ತಲ್ಲ" ಅಂದುಬಿಟ್ಟಳು. ಚಿತ್ರಾನ್ನ ಬಡಿಸಿದಳು. ನನಗೆ ಸೇರಲಿಲ್ಲ.

ವಾಪಸ್ ಬರುವಾಗ ಏಸ್ ಓಡಿಸುತ್ತಲೇ ಕೇಳಿದೆ. "ಅವತ್ತು ಬಚ್ಚಲಲ್ಲಿ, ಎಷ್ಟು ಜೋರಾಗಿ ಕೂಗಿದ್ದೆ?"

ಅವಳು ಕಿಟಕಿಯ ಕಡೆ ತಿರುಗಿ ಏನೋ ಅಂದಳು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಇನ್ನೊಂದು ಸಲ ಹೇಳು ಅಂದೆ. ಹಿಂದಿನಿಂದ ಲಾರಿಯವನು ಬಂದು ಹಾರ್ನ್ ಹೊಡೆದು ಬೈದು ಹೋದ. ಹೋಗಲಿ.

ನನ್ನ ಕಡೆ ತಿರುಗಿ ಹೇಳಿದಳು. "ಗೆಜ್ಜೆಗಿಂತ ಜೋರಾಗೇ ಕೂಗಿದ್ದೆ ಕಣ್ರೀ."

ಜುಲೈ 22, ಮಂಗಳವಾರ

ಪಂದ್ಯ ಗೆದ್ದವನು ನಾನು. ಡಾಕ್ಟರ ಹತ್ತಿರ ಹೋಗುವ ದರ್ದು ನನಗಿಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿರಬಹುದು, ತೆಗೆಸೋಣ ಅಂತ ಹೋದೆ, ಅಷ್ಟೇ. ಇವಳು ವಿಜಯನಗರದಲ್ಲಿ ತರಕಾರಿ ತರಬೇಕು ಅಂದಳು, ಜೊತೆಗೆ ಬಂದಳು.

ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿ. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಗುಗ್ಗೆಯ ಹೆಸರೂ ಎತ್ತದೆ, ಧನ್ಯಶ್ರೀ ಅನ್ನುವ ಒಬ್ಬ ಹುಡುಗಿಯ ಕೈಗೆ ನನ್ನನ್ನು ಒಪ್ಪಿಸಿದರು. ಅವಳು ಒಂದು ಸಣ್ಣ ಕೋಣೆಯೊಳಗೆ ಕೂರಿಸಿದಳು. ಗೋಡೆಗೆಲ್ಲ ಸ್ಪಂಜು, ಬಾಗಿಲು ಬ್ಯಾಂಕಿನ ಲಾಕರಿನಷ್ಟು ದಪ್ಪ, ಒಂದು ಗಾಜಿನ ಕಿಟಕಿ. "ಕಿವಿಯಲ್ಲಿ ಸಣ್ಣ ಸಣ್ಣ ಸದ್ದು ಬರುತ್ತೆ ಸಾರ್. ಕೇಳಿಸಿದ ತಕ್ಷಣ ಈ ಬಟನ್ ಒತ್ತಿ" ಅಂತ ಹೇಳಿ, ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿದಳು.

ಒಂದು ತಿಂಗಳು ಕೆರೆ, ಕ್ವಾರಿ, ಕಟ್ಟೆ ಅಂತ ಅಲೆದೆನಲ್ಲ, ಆ ಜಾ‌ಗ ಇಲ್ಲಿತ್ತು. ಬಸ್ಸಿಲ್ಲ, ಹಾರ್ನಿಲ್ಲ, ನಗುವ ಸಂಘವಿಲ್ಲ. ಗುಂಯ್ ಮಾತ್ರ ಬಾಗಿಲು ಮುಚ್ಚುವ ಮೊದಲೇ ನನ್ನ ಜೊತೆ ಒಳಗೆ ಬಂದು ಕೂತಿತ್ತು. ಇಲ್ಲಿ ದೂರಲು ಟ್ರಾನ್ಸ್‌ಫಾರ್ಮರ್ ಇರಲಿಲ್ಲ.

ಬಟನ್ ಹಿಡಿದು ಕಾದೆ. ಮೊದಲು ದಪ್ಪ ಸದ್ದುಗಳು, ಕೇಳಿಸಿದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಗಾಜಿನಾಚೆ ಹುಡುಗಿಯ ಕೈ ಮೆಷೀನಿನ ಮೇಲೆ ಆಡುವುದು ಕಾಣುತ್ತಿತ್ತು. ಸುಳಿವು ಸಿಕ್ಕಿತು. ಅವಳ ಕೈ ಆಡಿದಾಗಲೆಲ್ಲ ಒತ್ತತೊಡಗಿದೆ. ಇವಳು ಹುಡುಗಿಯ ಪಕ್ಕದಲ್ಲಿ ಕೂತು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಎದ್ದು ಬಂದು, ಗಾಜಿಗೆ ಬೆನ್ನು ಕೊಟ್ಟು, ಸೆರಗು ಹರಡಿ ಅಡ್ಡ ನಿಂತುಬಿಟ್ಟಳು. ನನಗೆ ಕಾಣುತ್ತಿದ್ದದ್ದು ಅವಳ ಜಡೆ, ಬ್ಯಾಂಡೇಜಿನ ತುದಿ.

ಆಮೇಲೆ ನಾನು ಒತ್ತಲಿಲ್ಲ. ಬಹಳ ಹೊತ್ತು ಕೂತಿದ್ದೆ. ಒತ್ತುವಂಥದ್ದೇನೂ ಬರಲಿಲ್ಲ.

"ಆ ಗುಂಯ್ ಹೊರಗಡೆ ಸದ್ದಲ್ಲ ಸಾರ್, ಕಿವಿ ಒಳಗಿಂದು. ಪ್ರೆಸ್ಸು, ಲೂಮು ಪಕ್ಕ ಇದ್ದೋರಿಗೆ ಬರುತ್ತೆ. ಸಣ್ಣ ಸದ್ದು ಮೊದಲು ಹೋಗುತ್ತೆ, ಬೆಲ್ಲು, ಹಕ್ಕಿ, ಹೆಂಗಸರ ದನಿ..." ಅಂದಳು ಧನ್ಯಶ್ರೀ. ಹೋದದ್ದು ವಾಪಸ್ ಬರುವುದಿಲ್ಲವಂತೆ. ಇರುವುದಕ್ಕೆ ಮೆಷೀನ್ ಹಾಕಿಕೊಳ್ಳಬಹುದಂತೆ, ಎರಡು ವಾರ ಹಾಕಿ ನೋಡಿ ಅಂತ ಒಂದು ಕೊಟ್ಟಿದ್ದಾಳೆ. ಕಡಲೆಕಾಯಿಯಷ್ಟಿದೆ.

ಬರುವ ದಾರಿಯಲ್ಲಿ ಶೆಡ್ಡಿಗೆ ಹೋದೆ. ಶ್ರೀಶೈಲ ಬರಿಗಿವಿಯಲ್ಲಿ ಪ್ರೆಸ್ ಹೊಡೆಯುತ್ತಿದ್ದ. ನನಗೆ ಎಲ್ಲಿಂದ ಬಂತೋ ಸಿಟ್ಟು, ಮೇನ್ ಸ್ವಿಚ್ಚನ್ನೇ ಇಳಿಸಿ ಬೈದೆ. "ಕಿವಿಗೆ ಹಾಕ್ಕೊಳ್ಳೋಕೆ ಕೊಟ್ಟಿದ್ದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತೀಯಾ?"

"ಯಣ್ಣಾ, ನೀವ ಅಂದ್ರಲ್ರೀ ಓಲೆ ಇದ್ದಂಗ ಅದಾವಂತ."

"ಹೌದು ಕಣೋ, ಓಲೇನೇ. ಹಾಕ್ಕೋ."

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಮೆಷೀನ್ ಹಾಕಿಕೊಂಡೆ. ಅಯ್ಯಯ್ಯೋ ಈ ಮನೆ! ಒಗ್ಗರಣೆ ಇಷ್ಟು ಚಟಪಟ ಅನ್ನುತ್ತದೆಯೇ? ಫ್ಯಾನು ನರಳುತ್ತದೆ. ಕವನಾ ಫೋನಿನಲ್ಲಿ ತವರಿಗೆ ನನ್ನ ಐಸ್ ಮೀನಿನ ಕಥೆ ಹೇಳುತ್ತಿದ್ದದ್ದು ಅಡುಗೆ ಮನೆಯಿಂದ ಅಕ್ಷರ ಅಕ್ಷರವೂ ಕೇಳಿಸಿತು. ಇವಳು ಬಿಚ್ಚಿದ ಗೆಜ್ಜೆಯನ್ನು ಮತ್ತೆ ಪೋಣಿಸಿ ಕಾಲಿಗೆ ಹಾಕಿಕೊಂಡಿದ್ದಾಳೆ. ಯಾವ ಕೋಣೆಗೆ ಹೋದಳು, ಯಾವಾಗ ಬಂದಳು ಎಲ್ಲ ಗೊತ್ತಾಗುತ್ತದೆ.

ಬೆಳಗ್ಗೆ ಪಾದಪೂಜೆ. ಗಂಡನಿಗೆ ಆಯಸ್ಸು ಕೊಡು ಅಂತ ವರ್ಷಕ್ಕೊಮ್ಮೆ ಇವತ್ತು ಹೆಂಗಸರು ಮಾಡುವುದು. ಮಣೆಯ ಮೇಲೆ ಕೂತು ತಟ್ಟೆಯಲ್ಲಿ ಕಾಲಿಟ್ಟೆ. ಇವಳು ನೀರು ಹಾಕಿ, ಅರಿಶಿನ ಹಚ್ಚಿ, ತಲೆ ಬಗ್ಗಿಸಿ ಏನೋ ಮೆಲ್ಲಗೆ ಅಂದುಕೊಳ್ಳುತ್ತಿದ್ದಳು. ಪ್ರತಿವರ್ಷವೂ ಅಂದುಕೊಳ್ಳುತ್ತಾಳೆ, ಏನೋ ಮಂತ್ರ ಅಂತ ನಾನು ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದೆ. ಇವತ್ತು ಕೇಳಿಸಿತು.

"ಭೀಮೇಶ್ವರಾ, ಈ ಹಠಮಾರಿಗೆ ಆಯಸ್ಸು ಕೊಡಪ್ಪ. ಬುದ್ಧಿ ಕೊಡೋದು ನಿನ್ ಕೈಲೂ ಆಗಲ್ಲ, ಬಿಡು."

ಕಾಲು ಎಳೆದುಕೊಂಡೆ. "ಪ್ರತಿವರ್ಷ ಇದೇನಾ ಹೇಳ್ತಿದ್ದಿದ್ದು?"

ಇವಳು ಬೆಚ್ಚಿ ತಲೆಯೆತ್ತಿ, ನನ್ನ ಕಿವಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. "ಆಮೇಲೆ ಅಳು, ಮೊದಲು ಪೂಜೆ ಮುಗ್ಸು, ಕಾಲು ತಣ್ಣಗಾಗ್ತಿದೆ" ಅಂದೆ.

ಈ ಮೆಷೀನಿಗೆ ನೀರು ತಾಗಿಸುವಂತಿಲ್ಲ, ಮಲಗುವಾಗ, ಸ್ನಾನ ಮಾಡುವಾಗ ತೆಗೆದಿಡಬೇಕು. ಹಾಗಾಗಿ ಮಧ್ಯಾಹ್ನ ಶೆಡ್ಡಿನಿಂದ ಒಂದು ಕೆಂಪು ಇಂಡಿಕೇಟರ್ ಬಲ್ಬು, ಒಂದು ಬಟನ್, ಬ್ಯಾಟರಿ, ಹತ್ತು ಮೀಟರ್ ವೈರ್ ತಂದೆ. ಬಲ್ಬು ಹಾಲ್‌ನ ಗೋಡೆಗೆ, ಬಟನ್ ಬಚ್ಚಲಿಗೆ. ಜೀವನ್ ಬಂದು ನೋಡಿ ನಕ್ಕ. "ಅಪ್ಪಾ, ಸ್ವಿಚ್ಚನ್ನ ಯಾರಾದ್ರೂ ಅಷ್ಟು ಕೆಳಗೆ ಹಾಕ್ತಾರಾ? ನೆಲಕ್ಕೆ ಒಂದು ಗೇಣೂ ಇಲ್ಲ. ನಿಂತ್ಕೊಂಡ್ರೆ ಕೈ ಹೆಂಗೆ ಎಟುಕುತ್ತೆ?"

"ನಿಂತಿರೋರಿಗಲ್ಲ ಕಣೋ ಅದು" ಅಂದೆ. ಸ್ಕ್ರೂಡ್ರೈವರ್ ಇಸಕೊಂಡು ಉಳಿದ ಸ್ಕ್ರೂಗಳನ್ನು ಅವನೇ ಬಿಗಿದ.

ಸಂಜೆ ಇವಳು ಸ್ನಾನಕ್ಕೆ ಹೋದಳು. ಮಹಡಿಗೆ ಹೋಗಲಿಲ್ಲ, ನೇರ ಬಚ್ಚಲಿಗೆ ಹೋದಳು. ನಾನು ಗಲಾಟೆ ಸಾಕಾಗಿ ಮೆಷೀನ್ ತೆಗೆದಿಟ್ಟು ಪೇಪರ್ ಹಿಡಿದಿದ್ದೆ. ಬಲ್ಬು ಹೊತ್ತಿತು. ಎದ್ದ ರಭಸಕ್ಕೆ ಕುರ್ಚಿ ಬಿತ್ತು, ಪಂಚೆ ಕಾಲಿಗೆ ತೊಡರಿತು, ಹೋಗಿ ಬಾಗಿಲು ಬಡಿದೆ. ಇವಳು ಬಾಗಿಲನ್ನು ಇಷ್ಟೇ ತೆರೆದು ಮುಖ ತೋರಿಸಿದಳು. ತಲೆಗೆ ನೀರು ಹಾಕಿಕೊಂಡು ಗಟ್ಟಿಯಾಗಿ ನಿಂತಿದ್ದಳು. ತುಟಿ ನೋಡಿ ಅರ್ಥಮಾಡಿಕೊಂಡೆ.

"ಏನಿಲ್ಲ. ಬರ್ತೀರೋ ಇಲ್ವೋ ಅಂತ ನೋಡ್ದೆ."

ಹಾಲ್‌ಗೆ ಬಂದು ಕುರ್ಚಿ ಎತ್ತಿ, ಬಲ್ಬಿನ ಕಡೆಗೆ ತಿರುಗಿಸಿ ಹಾಕಿಕೊಂಡು ಕೂತಿದ್ದೇನೆ. ಇದನ್ನು ಬರೆಯುವಷ್ಟರಲ್ಲಿ ಇನ್ನೊಂದು ಸಲ ಹೊತ್ತಿತು. ಹೋಗಿ ಬಂದೆ.